ಕೆಂಪು ಹಲಗೆಯ ಗೊಬ್ಬರ

ಭತ್ತದ ಸಂಶೋಧನಾ ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವನಿಗೂ ಒಂದು ಹೆಸರಿತ್ತು. ಆದರೆ ಗುಮಾಸ್ತ ಅದನ್ನು ಕೂಗಿದಾಗ ಪಕ್ಕದವರು ಮೊಣಕೈಯಿಂದ ತಿವಿದು, ನಿನ್ನನ್ನೇ ಕರೀತಿರೋದು ಅನ್ನಬೇಕಾಗಿತ್ತು. ಎಲ್ಲರಿಗೂ ಅವನು ಉಗುರಣ್ಣ. ಬಲಗೈ ಹೆಬ್ಬೆರಳಿನ ಉಗುರನ್ನು ಮೂವತ್ತೊಂದು ವರ್ಷದಿಂದ ಒಂದೇ ಅಳತೆಯಲ್ಲಿ ಕಾಪಾಡಿಕೊಂಡು ಬಂದಿದ್ದ. ಅದು ಶೋಕಿಗೆ ಬಿಟ್ಟ ಉಗುರಲ್ಲ, ಕಸುಬಿನ ಉಗುರು. ಗದ್ದೆಗೆ ಇಳಿದು, ಒಂದು ದಂಟು ಕಿತ್ತು, ಬುಡದಲ್ಲಿ ಉಗುರು ಊರಿ ಮೇಲಕ್ಕೆ ಎಳೆದನೆಂದರೆ ದಂಟು ಎರಡು ಸೀಳು. ಒಳಗೆ, ಗಿಣ್ಣಿನ ಮೇಲೆ, ನೂಲಿನ ತುಣುಕಿನಷ್ಟು ಬೆಳ್ಳಗಿನದೊಂದು ಕೂತಿರುತ್ತದೆ. ಮುಂದೆ ತೆನೆಯಾಗುವ ಕೂಸು ಅದು. ಅದು ಕಂಡ ದಿನ ಉಗುರಣ್ಣ ಆ ದಂಟನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಕಚೇರಿಗೆ ಹೋಗಿ, ಗೊಬ್ಬರದ ಹೊತ್ತಾಯ್ತು ಸಾರ್ ಎಂದು ಹೇಳಿ ಬರುತ್ತಿದ್ದ. ಕಚೇರಿಯವರು ಆಗಲಿ ಎನ್ನುತ್ತಿದ್ದರು. ಆಮೇಲೆ ಅವರ ಪಾಡಿಗೆ ಅವರು, ಪೈರಿನ ಪಾಡಿಗೆ ಪೈರು.

ಇದರ ಮರ್ಮ ತಿಳಿಯದವರಿಗೆ ಎರಡು ಮಾತು ಹೇಳಲೇಬೇಕು. ಭತ್ತಕ್ಕೆ ಗೊಬ್ಬರವನ್ನು ಒಂದೇ ಸಲ ಸುರಿದು ಕೈತೊಳೆದುಕೊಳ್ಳುವಂತಿಲ್ಲ. ನಾಟಿಯ ಹೊತ್ತಿಗೆ ಒಂದು ಪಾಲು, ಒಂದು ಬುಡ ಒಡೆದು ಹತ್ತು ದಂಟಾಗುವಾಗ ಇನ್ನೊಂದು ಪಾಲು, ಕೊನೆಯದು ಆ ಬಿಳಿ ಕೂಸು ಕಂಡ ವಾರದೊಳಗೆ. ತೆನೆಯಲ್ಲಿ ಎಷ್ಟು ಕಾಳು ಕಟ್ಟಬೇಕೆಂದು ಪೈರು ತೀರ್ಮಾನ ಮಾಡುವುದೇ ಆಗ. ಅದಕ್ಕಿಂತ ಮುಂಚೆ ಹಾಕಿದರೆ ದಂಟು ಸುಮ್ಮನೆ ಉದ್ದವಾಗಿ ಗಾಳಿಗೆ ಮಲಗುತ್ತದೆ. ತೆನೆ ಹೊರಬಿದ್ದ ಮೇಲೆ ಹಾಕಿದರೆ ಎಲೆ ಹಸುರಾಗಿ ನಗುತ್ತದೆ, ಕಣಜ ಮಾತ್ರ ಅಳುತ್ತದೆ. ಇಷ್ಟನ್ನು ಪುಸ್ತಕಗಳೂ ಹೇಳುತ್ತವೆ. ಪುಸ್ತಕ ದಿನ ಎಣಿಸುತ್ತಿತ್ತು, ಉಗುರಣ್ಣ ಪೈರನ್ನೇ ಕೇಳುತ್ತಿದ್ದ.

ಕೇಂದ್ರದ ನಿರ್ದೇಶಕರು ಓದಿದವರು, ಮೃದು ಮಾತಿನವರು, ಗದ್ದೆಯ ಮೇಲೆ ಅಪಾರ ಗೌರವ ಇಟ್ಟುಕೊಂಡವರು. ಆ ಗೌರವಕ್ಕೇ ಇರಬೇಕು, ಅದರೊಳಗೆ ಎಂದೂ ಕಾಲಿಟ್ಟವರಲ್ಲ. ಅವರ ಕೋಣೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ಆರು ಮೀನು. ಮೀನುಗಳಿಗೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಹಾರ ಬೀಳುತ್ತಿತ್ತು. ಒಂದು ದಿನವೂ ಹೆಚ್ಚುಕಮ್ಮಿ ಆದದ್ದಿಲ್ಲ, ಯಾಕೆಂದರೆ ಮೀನಿನ ಆಹಾರಕ್ಕೆ ಕಡತ ಇರಲಿಲ್ಲ. ಗೊಬ್ಬರಕ್ಕೆ ಇತ್ತು.

ಆ ವರ್ಷ ನಿರ್ದೇಶಕರಿಗೆ ಒಂದು ಪ್ರಯೋಗ ಹೊಳೆಯಿತು. ಕೊನೆಯ ಪಾಲಿನ ಯೂರಿಯಾ ಯಾವಾಗ ಹಾಕಿದರೆ ಭತ್ತ ಹೆಚ್ಚು, ಅಕ್ಕಿ ಒಳ್ಳೆಯದು ಎಂದು ಕಂಡುಹಿಡಿಯುವುದು. ಉತ್ತರ ಉಗುರಣ್ಣನಿಗೆ ಗೊತ್ತಿತ್ತು, ಅವನ ಅಪ್ಪನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೆಲ್ಲ ಪ್ರಶಸ್ತಿ ಕೊಡುತ್ತಾ ಹೋದರೆ ಸರ್ಕಾರ ನಡೆಯುವುದು ಹೇಗೆ? ಒಂಬತ್ತು ಮಡಿಗಳಿಗೆ ನಾಟಿಯಾಯಿತು. ಮೂರಕ್ಕೆ ಹಸಿರು ಹಲಗೆ, ಅವಕ್ಕೆ ಹೊತ್ತಿಗೆ ಸರಿಯಾಗಿ ಗೊಬ್ಬರ. ಮೂರಕ್ಕೆ ಹಳದಿ ಹಲಗೆ, ಅವಕ್ಕೆ ಎರಡು ವಾರ ತಡವಾಗಿ. ಉಳಿದ ಮೂರಕ್ಕೆ ಕೆಂಪು ಹಲಗೆ, ಅವಕ್ಕೆ ತೆನೆ ಪೂರ್ತಿ ಹೊರಬಂದ ಮೇಲೆ.

ಬಿಳಿ ಕೂಸು ಕಂಡ ದಿನ ಉಗುರಣ್ಣ ಎಂದಿನಂತೆ ದಂಟು ಸಿಕ್ಕಿಸಿಕೊಂಡು ಹೋದ. ಉಗ್ರಾಣಕ್ಕೆ ಬೀಗ. ಗೊಬ್ಬರವನ್ನು ಮಡಿಗಿಷ್ಟೆಂದು ತೂಗಿ ಪೊಟ್ಟಣ ಕಟ್ಟಬೇಕು, ತೂಗುವ ತಕ್ಕಡಿಗೆ ಈ ವರ್ಷದ ಮುದ್ರೆ ಬಿದ್ದಿಲ್ಲ, ಮುದ್ರೆ ಹಾಕಿಸುವ ಕಡತ ಮೇಲಿನ ಕಚೇರಿಗೆ ಹೋಗಿದೆ. ನಾಳೆ ಬರುತ್ತೆ ಎಂದ ಗುಮಾಸ್ತ. ಗುಮಾಸ್ತನ ನಾಳೆಗಳಿಗೆ ಬಾಲ ಎಷ್ಟು ಉದ್ದವೆಂದು ಉಗುರಣ್ಣನಿಗೆ ಗೊತ್ತಿತ್ತು, ಆದರೂ ಹಸಿರು ಹಲಗೆಗೆ ಇಂದಲ್ಲ ನಾಳೆ ಸಿಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ. ಅವನ ಸಂಕಟವೆಲ್ಲ ಕೆಂಪು ಹಲಗೆಯದು. ಆ ಮೂರು ಮಡಿಗಳು ಏನು ಪಾಪ ಮಾಡಿದ್ದವು? ಎಲೆ ಆಗಲೇ ಹಳದಿಗೆ ತಿರುಗುತ್ತಿತ್ತು. ಹಸಿದ ಕೂಸಿನ ಮುಂದೆ ತಟ್ಟೆ ಇಟ್ಟು, ನಿನಗೆ ಮದುವೆಯಾದ ಮೇಲೆ ಬಡಿಸುತ್ತೇವೆ ಎಂದ ಹಾಗೆ.

ಪಂಪಿನ ಮನೆಯಲ್ಲಿ ಸಸಿಮಡಿಗೆಂದು ತಂದು ಉಳಿದಿದ್ದ ಯೂರಿಯಾ ಒಂದಿಷ್ಟಿತ್ತು. ಸರಿಯಾಗಿ ಮೂರು ಮಡಿಗೆ ಸಾಲುವಷ್ಟು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಉಗುರಣ್ಣ ನೀರು ಬಸಿದು, ಅಳತೆ ತಪ್ಪದೆ, ಮೂರು ಕೆಂಪು ಮಡಿಗೂ ಎರಚಿಬಿಟ್ಟ. ಜೀವಕ್ಕೆ ತಂಪಾಯಿತು. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಏನಿದೆ, ಪೈರಿಗೆ ಗೊತ್ತಾದರೆ ಸಾಲದೇ ಎಂಬುದು ಅವನ ನ್ಯಾಯ.

ಗುಮಾಸ್ತನ ನಾಳೆ ಹದಿನೆಂಟು ದಿನಕ್ಕೆ ಬಂತು. ಅಷ್ಟು ಹೊತ್ತಿಗೆ ಹಳದಿ ಹಲಗೆಯ ದಿನವೂ ದಾಟಿಹೋಗಿತ್ತು. ಹಾಗಾಗಿ ಹಸಿರು ಹಲಗೆಗೂ ಹಳದಿ ಹಲಗೆಗೂ ಒಂದೇ ಬೆಳಿಗ್ಗೆ ಗೊಬ್ಬರ ಬಿತ್ತು. ದಾಖಲೆ ಪುಸ್ತಕದಲ್ಲಿ ಮಾತ್ರ ಎರಡೂ ತಂತಮ್ಮ ತಾರೀಖಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು, ಏಕೆಂದರೆ ಗುಮಾಸ್ತ ಶಿಸ್ತಿನ ಮನುಷ್ಯ, ವರ್ಷದ ತಾರೀಖುಗಳನ್ನೆಲ್ಲ ವರ್ಷದ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದ.

ತೆನೆಗಳು ಹೊರಬಿದ್ದವು. ಕೆಂಪು ಹಲಗೆಗೆ ಗೊಬ್ಬರ ಹಾಕುವ ದಿನ ನಿರ್ದೇಶಕರೇ ಬದುವಿನ ಮೇಲೆ ಬಂದು ನಿಲ್ಲುವವರಿದ್ದರು, ಜೊತೆಗೆ ಫೋಟೋದವನು. ತೂಗಿಕೊಟ್ಟ ಪೊಟ್ಟಣ ಹೊತ್ತುಕೊಂಡು ಉಗುರಣ್ಣ ಪಂಪಿನ ಮನೆಗೆ ಓಡಿದ. ಒಮ್ಮೆ ಉಂಡ ಮಡಿಗೆ ಈಗ ಮತ್ತೆ ಯೂರಿಯಾ ಬಿದ್ದರೆ ತೆನೆಯ ಕತ್ತಿಗೆ ಬೆಂಕಿ ರೋಗ ಹತ್ತುತ್ತದೆ, ಪೈರು ಚಾಪೆಯ ಹಾಗೆ ಮಲಗುತ್ತದೆ. ಹೇಳೋಣವೆಂದರೆ ಬಾಯಿ ಬರಲಿಲ್ಲ. ಪಂಪಿನ ಮನೆಯ ಮೂಲೆಯಲ್ಲಿ, ಬಣ್ಣ ಮಾಸಿತೆಂದು ನಿರ್ದೇಶಕರ ಮೀನಿನ ತೊಟ್ಟಿಯಿಂದ ತೆಗೆದು ಹಾಕಿದ್ದ ಸಣ್ಣ ಬಿಳಿ ಹರಳಿನ ಚೀಲವಿತ್ತು. ಪೊಟ್ಟಣ ಬಿಚ್ಚಿ, ಯೂರಿಯಾವನ್ನು ಸಸಿಮಡಿಯ ಖಾಲಿ ಮೂಟೆಗೆ ವಾಪಸು ಸುರಿದು, ಬುಟ್ಟಿಗೆ ಹರಳು ತುಂಬಿಕೊಂಡ. ಕಳ್ಳನಲ್ಲ ನೋಡಿ, ತೆಗೆದದ್ದನ್ನು ತೆಗೆದಲ್ಲಿಗೇ ಸೇರಿಸಿದ. ನಿರ್ದೇಶಕರು ಬದುವಿನ ಮೇಲಿಂದ, ಕೈ ಇನ್ನೂ ಸ್ವಲ್ಪ ಎತ್ತರಕ್ಕೆ ಬೀಸಿ ಎಂದರು. ಬೀಸಿದ. ಹರಳುಗಳು ಬಿಸಿಲಿನಲ್ಲಿ ಮಿನುಗಿ ನೀರಿಗೆ ಬಿದ್ದವು. ಫೋಟೋ ಚೆನ್ನಾಗಿ ಬಂತು.

ಕೊಯ್ಲಿನಲ್ಲಿ ಏನಾಗಬೇಕೋ ಅದೇ ಆಯಿತು. ಹೊತ್ತಿಗೆ ಉಂಡ ಕೆಂಪು ಹಲಗೆ ಕಣ ತುಂಬಿತು, ಹೊತ್ತು ಮೀರಿ ಉಂಡ ಹಸಿರು, ಹಳದಿ ಹಲಗೆಗಳು ಅರ್ಧ ಜೊಳ್ಳು. ಕೆಂಪು ಹಲಗೆಯ ಅಕ್ಕಿ ಗಾಜಿನ ಹಾಗೆ, ಗಿರಣಿಯಲ್ಲಿ ಮುರಿಯದೆ ಇಡಿಯಾಗಿ ಬಂತು. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರಂತೆ. ಲೋಕದ ಪುಸ್ತಕಗಳೆಲ್ಲ ಇಷ್ಟು ದಿನ ತಲೆಕೆಳಗಾಗಿದ್ದವು, ತಾವೀಗ ನೆಟ್ಟಗೆ ನಿಲ್ಲಿಸಿದೆವು ಎಂದರು. ಇನ್ನೆರಡು ಬೆಳೆ ಮಾಡಿ ನೋಡಬಾರದೇ ಎಂದು ಯಾರೋ ಕೇಳಿದ್ದಕ್ಕೆ, ಮತ್ತೆ ಮಾಡುವುದೆಂದರೆ ನಮ್ಮ ಮೇಲೆ ನಮಗೇ ನಂಬಿಕೆ ಇಲ್ಲವೆಂದಾಯಿತು ಎಂದು ಉತ್ತರಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ತಿಂಗಳೊಳಗೆ ಬಣ್ಣದ ಕರಪತ್ರ ಅಚ್ಚಾಯಿತು: ಕೊನೆಯ ಪಾಲಿನ ಗೊಬ್ಬರವನ್ನು ತೆನೆ ಪೂರ್ತಿ ಬಂದ ಮೇಲೆಯೇ ಹಾಕಿ. ಮುಖಪುಟದಲ್ಲಿ ಉಗುರಣ್ಣ, ಕೈ ಎತ್ತರಕ್ಕೆ ಬೀಸಿ, ಮೀನಿನ ತೊಟ್ಟಿಯ ಹರಳು ಎರಚುತ್ತಿದ್ದಾನೆ.

ಆ ಕರಪತ್ರ ಬಸ್ಸಿನಲ್ಲಿ ಒಂದು ಗಂಟೆ ದೂರದ ಮಗಳ ಮನೆಗೂ ಹೋಯಿತು. ಉಗುರಣ್ಣನಿಗೆ ಒಬ್ಬಳೇ ಮಗಳು. ಬೀಗರು, ಅಂದರೆ ಅವಳ ಮಾವ, ಗದ್ದೆಯ ವಿಷಯದಲ್ಲಿ ಬಲು ಬಿಗಿ. ಹಿರಿಮಗ ಮೇಲಿನ ಗದ್ದೆ ನೋಡಿಕೊಳ್ಳುತ್ತಿದ್ದ. ಉಗುರಣ್ಣನ ಅಳಿಯ ಕಿರಿಯವನು. ಅವನಿಗೆ ಆ ವರ್ಷ ಮೊದಲ ಸಲ ಕೆಳಗಿನ ಗದ್ದೆ ಬಿಟ್ಟುಕೊಟ್ಟು ಬೀಗರು ಒಂದು ಮಾತು ಹೇಳಿದ್ದರು. ಮೇಲಿನ ಗದ್ದೆಗೆ ಸಮವಾಗಿ ಬೆಳೆದು ತೋರಿಸಿದರೆ ಗದ್ದೆ ಗಂಡ ಹೆಂಡತಿಯ ಕೈಗೆ, ಇಲ್ಲವೆಂದರೆ ಅಣ್ಣನ ಕೈಕೆಳಗೆ ಆಳಿನ ಹಾಗೆ ದುಡಿಯಬೇಕು. ಮಗಳು ಆ ಒಂದು ಬೆಳೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ನಾಟಿಯಲ್ಲಿ ಆಳುಗಳ ಜೊತೆ ಸೊಂಟ ಬಗ್ಗಿಸಿ ತಾನೂ ನಿಂತಿದ್ದಳು.

ಅಳಿಯ ಒಳ್ಳೆಯ ಹುಡುಗ. ದೋಷ ಒಂದೇ, ಅಚ್ಚಾದ ಕಾಗದ ಕಂಡರೆ ಕೈಮುಗಿಯುತ್ತಿದ್ದ. ಔಷಧಿ ಡಬ್ಬಿಯ ಜೊತೆ ಬರುವ ಚೀಟಿಯನ್ನು ಕೂಡ ಪೂರ್ತಿ ಓದಿ ಮಡಚಿ ಇಡುವವನು. ಉಗುರಣ್ಣ ಮಗಳನ್ನು ನೋಡಲು ಹೋದಾಗ ಕರಪತ್ರ ನಡುಮನೆಯ ಗೋಡೆಯ ಮೇಲೆ ಅಂಟಿಕೊಂಡಿತ್ತು, ನಾಲ್ಕು ಮೂಲೆಗೂ ಗೋಂದು. ಇಷ್ಟು ವರ್ಷ ಬೀಗರು ಅವನನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಬಸ್ಸು ಸಿಕ್ತಾ ಎಂದು ಕೇಳಿ ಮುಗಿಸುತ್ತಿದ್ದರು. ಆ ದಿನ ಒಳಗಿನಿಂದ ಕೈಯಿರುವ ಕುರ್ಚಿ ಬಂತು. ನೆರೆಯವರು ನಾಲ್ಕು ಜನ ಬಂದು ನಿಂತು ನೋಡಿದರು. ಬೀಗರು ತಾವೇ ಕೇಳಿದರು, ಗೊಬ್ಬರದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ.

ನಿಜ ಹೇಳಬೇಕೆಂದರೆ ಹೇಳುವ ಹೊತ್ತು ಅದೇ ಆಗಿತ್ತು. ಉಗುರಣ್ಣ ಬಾಯಿ ತೆರೆದ. ಆಗ ಅಳಿಯ ನೆರೆಯವರ ಕಡೆ ತಿರುಗಿ, ನಮ್ಮ ಮಾವ ಅಂದ. ನಮ್ಮ ಎಂಬ ಮಾತನ್ನು ಒಂದಿಷ್ಟು ಜಗ್ಗಿ ಅಂದ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡುತ್ತಿದ್ದಳು, ಮುಖ ಅರಳಿತ್ತು. ಉಗುರಣ್ಣನ ಬಾಯಿ ತಾನಾಗಿ ಮುಚ್ಚಿಕೊಂಡು, ಎಲ್ಲ ದೊಡ್ಡವರ ಆಶೀರ್ವಾದ ಎಂಬ ಅರ್ಥವಿಲ್ಲದ ಮಾತೊಂದನ್ನು ಆಡಿತು. ಕುರ್ಚಿ ಮೆತ್ತಗಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿಕೊಂಡ. ಅವಳು ಕಸ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಅಲ್ಲಾ, ಅಷ್ಟು ಜನರ ಮುಂದೆ ಹೇಳೋಕೆ ನಾಚಿಕೆ ಆಯ್ತೋ, ಅಥವಾ ಆ ಕುರ್ಚಿಯಿಂದ ಏಳೋಕೆ ಮನಸ್ಸು ಬರ್ಲಿಲ್ವೋ?"

ಮರುದಿನ ಕಚೇರಿಗೆ ಹೋದವನೇ ನಿರ್ದೇಶಕರ ಕೋಣೆಗೆ ನುಗ್ಗಿ, ಪಂಪಿನ ಮನೆಯ ಯೂರಿಯಾದಿಂದ ಹಿಡಿದು ಹರಳಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ಕರಪತ್ರ ವಾಪಸು ತೆಗೆದುಕೊಳ್ಳಿ ಸಾರ್, ಜನ ಹಾಳಾಗ್ತಾರೆ ಎಂದ. ನಿರ್ದೇಶಕರು ಸಿಟ್ಟಾಗಲಿಲ್ಲ. ಮೀನಿಗೆ ಆಹಾರ ಹಾಕಿ, ಕೈ ಒರೆಸಿಕೊಂಡು, ಗುಮಾಸ್ತನನ್ನು ಕರೆಸಿ ದಾಖಲೆ ಪುಸ್ತಕ ತರಿಸಿದರು.

"ನೀವು ಕೆಂಪು ಹಲಗೆಗೆ ಮುಂಚೆನೇ ಗೊಬ್ಬರ ಹಾಕಿದ್ದು ಇದ್ರಲ್ಲಿ ಎಲ್ಲಿದೆ?"

"ಇದ್ರಲ್ಲಿ ಇಲ್ಲ ಸಾರ್. ನಾನು ಯಾರಿಗೂ ಹೇಳಿರ್ಲಿಲ್ಲ."

"ಇಲ್ಲ ಅಂದ್ಮೇಲೆ ಹಾಕಿಲ್ಲ. ತೆನೆ ಬಂದ ಮೇಲೆ ಹಾಕಿದ್ದು ಪುಸ್ತಕದಲ್ಲೂ ಇದೆ, ಫೋಟೋದಲ್ಲೂ ಇದೆ. ನಿಮಗೆ ವಯಸ್ಸಾಯ್ತು. ಬಿಸಿಲಲ್ಲಿ ಜಾಸ್ತಿ ನಿಲ್ಬೇಡಿ."

ಹಸಿರು ಹಲಗೆಗೆ ಹದಿನೆಂಟು ದಿನ ತಡವಾದದ್ದನ್ನಾದರೂ ಒಪ್ಪಿಕೊಳ್ಳಿ ಎಂದು ಉಗುರಣ್ಣ ಗುಮಾಸ್ತನ ಮುಖ ನೋಡಿದ. ಗುಮಾಸ್ತ ತಾರೀಖಿನ ಮೇಲೆ ಬೆರಳಿಟ್ಟು, ಮುತ್ತಿನಂಥ ಅಕ್ಷರವನ್ನು ತೋರಿಸಿದ. ಹೊರಗೆ ಬಂದ ಉಗುರಣ್ಣನಿಗೆ ಅವಮಾನವಾಗಬೇಕಿತ್ತು. ಬದಲಿಗೆ ಹಾಯೆನಿಸಿತು. ನಾನು ಹೇಳಿದ್ದಾಯಿತು, ಕೇಳದಿದ್ದರೆ ಅವರ ಕರ್ಮ ಎಂದುಕೊಂಡ. ಹೇಳಬೇಕಾದವರು ಬೇರೆ ಇದ್ದಾರೆ, ಬಸ್ಸಿನಲ್ಲಿ ಒಂದು ಗಂಟೆ ದೂರದಲ್ಲಿ ಇದ್ದಾರೆ ಎಂಬುದನ್ನು ಮನಸ್ಸು ಜಾಣತನದಿಂದ ಪಕ್ಕಕ್ಕೆ ಸರಿಸಿತು.

ಮಗಳ ಗದ್ದೆಯಲ್ಲಿ ಬಿಳಿ ಕೂಸು ಮೂಡುವ ವಾರ ಬಂತು. ಉಗುರಣ್ಣ ರಜೆ ಹಾಕಿ ಹೋದ. ಮೇಲಿನ ಗದ್ದೆಗೆ ಅಳಿಯನ ಅಣ್ಣ, ಕರಪತ್ರ ಓದುವ ಗೋಜಿಗೇ ಹೋಗದವನು, ಆಗಲೇ ಗೊಬ್ಬರ ಹಾಕಿ ಮುಗಿಸಿದ್ದ. ಕೆಳಗಿನ ಗದ್ದೆ ಬಿಳಿಚಿಕೊಂಡಿತ್ತು. ಅಳಿಯ ಮೂಟೆಯನ್ನು ಮನೆಯ ಹಿಂದೆ ಒಟ್ಟಿಟ್ಟು, ತೆನೆ ಬರಲಿ ಎಂದು ಕಾಯುತ್ತಿದ್ದ. ಪೈರು ಬಡಕಲಾಯಿತಲ್ಲ ಎಂದು ನೆರೆಯವರು ಆಡಿಕೊಂಡರೆ, ವಿಜ್ಞಾನಕ್ಕೆ ತಾಳ್ಮೆ ಬೇಕು ಎಂದು ಗೋಡೆ ತೋರಿಸುತ್ತಿದ್ದನಂತೆ.

ಉಗುರಣ್ಣ ಗದ್ದೆಗೆ ಇಳಿದು ದಂಟು ಸೀಳಿದ. ಕೂಸು ಕೂತಿತ್ತು, ನಿನ್ನೆ ಮೊನ್ನೆ ಹುಟ್ಟಿದ್ದು. ಈಗ ಅಳಿಯನನ್ನು ಕರೆದು, ಇಕೋ ನೋಡು, ಈ ಹೊತ್ತು ತಪ್ಪಿದರೆ ಗದ್ದೆ ತಪ್ಪಿತು, ಆ ಫೋಟೋ ಸುಳ್ಳು, ನಾನು ಸುಳ್ಳ ಎಂದರೆ ಮುಗಿಯುತ್ತಿತ್ತು. ನಾಲ್ಕು ಮಾತು. ಮೂರು ಸಲ ಕರೆದ ಕೂಡ. ಮೊದಲ ಸಲ ನೀರು ಕೇಳಿದ, ಎರಡನೆಯ ಸಲ ಹವಾಮಾನ ಕೇಳಿದ, ಮೂರನೆಯ ಸಲ ಏನಿಲ್ಲ ಬಿಡು ಎಂದ.

ಊಟವಾಯಿತು. ಬೀಗರು, ಅಳಿಯ, ಅಣ್ಣ ಮೂವರೂ ಉಂಡು ಅಡ್ಡಾದರು. ಮೂರು ಗೊರಕೆಗಳೂ ಒಂದು ಹದಕ್ಕೆ ಬಂದ ಮೇಲೆ ಉಗುರಣ್ಣ ಎದ್ದ. ಮನೆಯ ಹಿಂದಿನ ಮೂಟೆಗೆ ಕೈಹಾಕಿದರೆ ಅಳಿಯನಿಗೆ ಗೊತ್ತಾಗುತ್ತದೆ, ಅದಕ್ಕೆ ಬಸ್‌ ನಿಲ್ದಾಣದ ಅಂಗಡಿಯಲ್ಲಿ ಮೊದಲೇ ಒಂದು ಚೀಲ ಕೊಂಡು ತಂದು ಬದುವಿನ ಪೊದೆಯಲ್ಲಿ ಇಟ್ಟಿದ್ದ. ಪಂಚೆ ಎತ್ತಿ ಕಟ್ಟಿ, ಸುಡುವ ಮಧ್ಯಾಹ್ನದಲ್ಲಿ, ಇಡೀ ಗದ್ದೆಗೆ ಒಬ್ಬನೇ ಎರಚಿದ. ಹದಿನೈದು ದಿನದಲ್ಲಿ ಪೈರು ಕಪ್ಪಗೆ ಹಸುರಾಗುತ್ತದೆ, ಅಂಥ ಪೈರಿನ ಮೇಲೆ ಯಾವ ಮೂರ್ಖ ಮತ್ತೆ ಗೊಬ್ಬರ ಹಾಕುತ್ತಾನೆ ಎಂಬುದು ಅವನ ಲೆಕ್ಕ. ಕಾಲು ತೊಳೆದು ಬಂದು ಎಲ್ಲರಿಗಿಂತ ಮೊದಲು ಎದ್ದವನ ಹಾಗೆ ಕೂತ. ಪಾತ್ರೆ ತೊಳೆಯುತ್ತಿದ್ದ ಮಗಳು ಅಡುಗೆಮನೆಯ ಕಿಟಕಿಯಿಂದ ಎಲ್ಲ ನೋಡಿದ್ದಳು. ಅವಳೂ ಕೇಳಲಿಲ್ಲ. ಅಪ್ಪ ಮಾಡಿದ್ದರಲ್ಲಿ ಏನೋ ಅರ್ಥವಿರುತ್ತದೆ ಎಂದುಕೊಂಡಳು.

ಪೈರು ಕಪ್ಪಗೆ ಹಸುರಾಯಿತು. ಅಳಿಯ ಹಿಗ್ಗಿಹೋದ. ಗೊಬ್ಬರ ಹಾಕದೆಯೇ ಹೀಗೆ, ಇನ್ನು ಹಾಕಿದರೆ ಹೇಗೆ ಎಂದು ನೆರೆಯವರನ್ನು ಕರೆತಂದು ತೋರಿಸಿದ. ತೆನೆ ಹೊರಬೀಳುವ ವಾರ ಉಗುರಣ್ಣ ಹೋಗಿ ತಡೆಯಬೇಕೆಂದಿದ್ದ. ಆದರೆ ಅದೇ ವಾರ ಮೇಲಿನ ಕಚೇರಿಯವರು ಕರಪತ್ರದ ಯಶಸ್ಸಿಗೆ ಸಭೆ ಇಟ್ಟರು. ಅತ್ಯುತ್ತಮ ಕ್ಷೇತ್ರ ಸಹಾಯಕನೆಂದು ಅವನಿಗೆ ಗಾಜು ಹಾಕಿದ ಪ್ರಶಸ್ತಿ ಪತ್ರ. ಬರದಿದ್ದರೆ ವಿವರಣೆ ಕೊಡಬೇಕು ಎಂದ ಗುಮಾಸ್ತ. ಉಗುರಣ್ಣ ಫೋನು ಮಾಡಿ ಅಳಿಯನಿಗೆ, ಎಲೆ ನೋಡ್ಕೊಂಡು ಹಾಕು ಎಂದಷ್ಟೇ ಹೇಳಿದ. ಅಳಿಯ ನೋಡಿದ, ಎಲೆ ಚೆನ್ನಾಗಿತ್ತು. ಮಗಳು, ಬೇಡ ಅನ್ಸುತ್ತೆ, ಈಗಲೇ ಇಷ್ಟು ಹಸುರಿದೆ ಎಂದು ಗಂಡನನ್ನು ತಡೆದಳು. ಅವನು ಅವಳ ಹೆಗಲು ಹಿಡಿದು ಗೋಡೆಯ ಮುಂದೆ ನಿಲ್ಲಿಸಿ, ಹೇಳ್ತಿರೋದು ನಾನಲ್ಲ, ನಿಮ್ಮಪ್ಪ ಎಂದ. ಫೋಟೋದಲ್ಲಿ ಅಪ್ಪನ ಕೈ ಎತ್ತರಕ್ಕೆ ಬೀಸಿತ್ತು. ಅವಳು ಇನ್ನೇನು ಹೇಳಿಯಾಳು? ಇತ್ತ ಉಗುರಣ್ಣ ವೇದಿಕೆ ಹತ್ತಿ ಪ್ರಶಸ್ತಿ ಪತ್ರ ಹಿಡಿದ ಬೆಳಿಗ್ಗೆಯೇ ಅತ್ತ ಅಳಿಯ ಮನೆಯ ಹಿಂದಿನ ಮೂಟೆಗಳನ್ನೆಲ್ಲ ಬಿಚ್ಚಿ ಗದ್ದೆಗೆ ಎರಚಿದ.

ಹತ್ತು ದಿನಕ್ಕೆ ತೆನೆಯ ಕತ್ತು ಕಂದಿತು. ಬೆಂಕಿ ರೋಗ ಕತ್ತಿಗೆ ಬಿದ್ದರೆ ಮೇಲಿನ ಕಾಳಿಗೆ ಹಾಲು ಏರುವುದಿಲ್ಲ. ಉಳಿದ ತೆನೆಗಳ ಭಾರಕ್ಕೆ, ಒಂದು ಸಾಧಾರಣ ಗಾಳಿಗೆ, ಕೆಳಗಿನ ಗದ್ದೆ ಒಂದೇ ಮಗ್ಗುಲಿಗೆ ಮಲಗಿತು. ಎಲೆ ಕೊನೆಯವರೆಗೂ ಹಸುರೇ, ಕಾಳು ಮಾಗಲೇ ಇಲ್ಲ. ಮೇಲಿನ ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿ ನೆಟ್ಟಗೆ ನಿಂತಿತ್ತು, ನಡುವೆ ಒಂದೇ ಒಂದು ಬದು.

ಕೊಯ್ದು ಬಡಿದದ್ದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗಿರಣಿಗೆ ಹೋದರು. ಬೀಗರು, ಅಳಿಯ, ಮಗಳು. ಉಗುರಣ್ಣನೂ ನೇರವಾಗಿ ಅಲ್ಲಿಗೆ ಬಂದ. ಬರದೆ ಇರಲು ಆಗಲಿಲ್ಲ. ಗಿರಣಿಯವನು ಎರಡೂ ಗದ್ದೆಯ ಅಕ್ಕಿಯನ್ನು ಒಂದೊಂದು ಹಿಡಿ ಕಪ್ಪು ತಟ್ಟೆಗೆ ಸುರಿದು ಬೆರಳಾಡಿಸಿದ. ಮೇಲಿನ ಗದ್ದೆಯದು ಇಡಿ ಅಕ್ಕಿ. ಕೆಳಗಿನ ಗದ್ದೆಯದು ಹೊಟ್ಟೆಯಲ್ಲೆಲ್ಲ ಸುಣ್ಣದ ಬಿಳುಪು, ಯಂತ್ರಕ್ಕೆ ಸಿಕ್ಕಿದ್ದೇ ತಡ ಮುಕ್ಕಾಲು ನುಚ್ಚು. ಕೋಳಿಗೆ ಹಾಕೋದಕ್ಕೆ ಆಗುತ್ತೆ ಎಂದ ಗಿರಣಿಯವನು, ಬೈಯುವುದಕ್ಕಲ್ಲ, ಸುಮ್ಮನೆ ಅವನ ಕಸುಬಿನ ಮಾತು. ಬೀಗರು ತಟ್ಟೆ ನೋಡಿದರು, ಕಿರಿಮಗನ ಮುಖ ನೋಡಿದರು. ಮುಂದಿನ ಬೆಳೆಯಿಂದ ಅಣ್ಣನ ಜೊತೆ ಇಳಿ ಎಂದರು. ಅಷ್ಟೇ. ಮಗಳು ತಲೆ ತಗ್ಗಿಸಿದಳು.

ಅದನ್ನು ನೋಡಿ ಉಗುರಣ್ಣ ಬೀಗರ ಎದುರಿಗೆ ಹೋದ. ಎಷ್ಟೋ ತಿಂಗಳು ಗಂಟಲಲ್ಲಿ ಕೂತಿದ್ದು ಆಗ ಹೊರಬಿತ್ತು. ಗಿರಣಿಯ ಸದ್ದಿನ ಮೇಲೆ ಧ್ವನಿ ಎತ್ತಿ ಎಲ್ಲವನ್ನೂ ಹೇಳಿದ, ಕೆಂಪು ಹಲಗೆ, ಹರಳು, ಮಧ್ಯಾಹ್ನದ ಗೊಬ್ಬರ, ಒಂದನ್ನೂ ಬಿಡಲಿಲ್ಲ. ತಪ್ಪು ಹುಡುಗನದಲ್ಲ, ನನ್ನದು, ಗದ್ದೆ ಅವರಿಂದ ಕಿತ್ಕೋಬೇಡಿ ಎಂದು ಬೀಗರ ಮುಂದೆ ಕೈ ಜೋಡಿಸಿದ.

ಅಳಿಯನ ಕಣ್ಣಲ್ಲಿ ನೀರು ಬಂತು. ಅವನು ಬೀಗರ ಕಡೆ ತಿರುಗಿ ಹೇಳಿದ:

"ನೋಡಿದ್ರಾ ಅಪ್ಪ, ನನ್ನ ಮರ್ಯಾದೆ ಉಳಿಸೋಕೆ ಮಾವ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ. ಪ್ರಶಸ್ತಿ ಬಂದವರು. ಬೇರೆ ಯಾರು ಹೀಗೆ ಮಾಡ್ತಾರೆ ಹೇಳಿ."

ಬೀಗರೂ ಮೆತ್ತಗಾದರು. ನಿಮ್ಮಂಥ ದೊಡ್ಡ ಮನಸ್ಸಿನವರು ಈ ಕಾಲದಲ್ಲಿಲ್ಲ ಎಂದು ಉಗುರಣ್ಣನ ಜೋಡಿಸಿದ ಕೈಗಳನ್ನು ತಾವೇ ಬಿಡಿಸಿದರು. ಗದ್ದೆಯ ವಿಷಯ ಮಾತ್ರ ಹೇಳಿದ್ದು ಹೇಳಿದ ಹಾಗೇ. ಗಿರಣಿಯವನೂ ಉಗುರಣ್ಣನನ್ನು ಗೌರವದಿಂದ ನೋಡಿ, ಕೂರಲು ಮೂಟೆಯೊಂದನ್ನು ಒರೆಸಿಕೊಟ್ಟ. ಮಾನ ತಾನಾಗಿಯೇ ಬಂದು ಮೈಮೇಲೆ ಬೀಳುತ್ತಿತ್ತು, ಕೊಡವಿದರೂ ಹೋಗುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಉಗುರಣ್ಣನಿಗೆ ಅಳಬೇಕೆನಿಸಿದ್ದು ಆಗಲೇ.

ಬೀಗರು ಹಿರಿಮಗನ ಅಕ್ಕಿ ತೂಗಿಸುತ್ತಾ ಅಲ್ಲೇ ಉಳಿದು, ಆಮೇಲೆ ಬೇರೆ ಗಾಡಿಯಲ್ಲಿ ಬರುತ್ತೇನೆಂದರು. ಅಳಿಯ ಟ್ರ್ಯಾಕ್ಟರ್ ತರಲು ಹೋದಾಗ ಮಗಳು ಅಪ್ಪನ ಪಕ್ಕ ಬಂದು ನಿಂತಳು. ಅಳುತ್ತಿರಲಿಲ್ಲ.

"ನೀನು ಹೇಳಿದ್ದೆಲ್ಲ ನಿಜ ಅಂತ ನನಗೆ ಗೊತ್ತು ಅಪ್ಪ. ಅವತ್ತು ಕಿಟಕಿಯಿಂದ ನೋಡಿದೀನಿ. ನಾನೂ ಕೇಳ್ಲಿಲ್ಲ, ಅದು ನನ್ನ ತಪ್ಪು. ಆದ್ರೆ ಅವತ್ತೇ ನೀನು ಒಂದು ಮಾತು ಹೇಳಿದ್ರೆ ಅವ್ರು ನಂಬ್ತಿದ್ರು. ಗದ್ದೆನೂ ಉಳೀತಿತ್ತು. ಪೈರಿನ ಹೊಟ್ಟೆ ನೋಡ್ದೆ, ನಮ್ಮ ಹೊಟ್ಟೆ ನೋಡ್ಲಿಲ್ಲ ನೀನು."

ಅವಳು ಗಂಡ ಹೋದ ಕಡೆ ನೋಡಿ ಮತ್ತೆ ಹೇಳಿದಳು, ಅವ್ರು ಮುಂದಿನ ವರ್ಷ ಅಣ್ಣನ ಗದ್ದೆಗೂ ಆ ಕರಪತ್ರದ ಪ್ರಕಾರ ಹಾಕೋಣ ಅಂತಿದ್ದಾರೆ, ಈ ವರ್ಷ ರೋಗ ಬಂದದ್ದಕ್ಕೆ ಹೀಗಾಯ್ತು ಅಂತ. ನಾನು ಕಣ್ಣಾರೆ ಕಂಡಿದ್ದು ಹೇಳಿದ್ರೆ ನಂಬ್ತಾರೆ. ಆದ್ರೆ ಆಮೇಲೆ ನಿನ್ನನ್ನ ಮಾವ ಅಂತ ಕರೀತಾರೋ ಇಲ್ವೋ ಗೊತ್ತಿಲ್ಲ. ಹೇಳ್ಲಾ?

"ಹೇಳು ಮಗಳೇ," ಎಂದ ಉಗುರಣ್ಣ. "ಇವತ್ತೇ ಹೇಳು."

ಅವಳು ಹೇಳಿದಳು. ಟ್ರ್ಯಾಕ್ಟರಿನ ಮುಂದೆ ಗಂಡನ ಪಕ್ಕ ಕೂತು ದಾರಿಯುದ್ದಕ್ಕೂ ಹೇಳಿದಳು. ಹಿಂದೆ ನುಚ್ಚಿನ ಮೂಟೆಗಳ ಮೇಲೆ ಕೂತಿದ್ದ ಉಗುರಣ್ಣನಿಗೆ ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಅಳಿಯನ ಬೆನ್ನು ಮಾತ್ರ ಕಾಣಿಸುತ್ತಿತ್ತು. ಮೊದಲು ಅದು ಅಲ್ಲ ಅಲ್ಲ ಎಂದು ಅಲ್ಲಾಡಿತು. ಆಮೇಲೆ ನಿಂತಿತು. ಆಮೇಲೆ ಊರು ಬರುವವರೆಗೂ ಒಂದೇ ಸಮನೆ ನೆಟ್ಟಗೆ ಇತ್ತು.

ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಅಳಿಯ ಇಳಿದ. ಮೂಟೆಯ ಮೇಲಿಂದ ಇಳಿಯಲು ಕೈ ಕೊಡಲಿಲ್ಲ, ಹಿಂದಕ್ಕೆ ನೋಡಲಿಲ್ಲ, ನೇರ ಒಳಗೆ ಹೋದ. ಮಗಳು ಒಂದು ಗಳಿಗೆ ಅಪ್ಪನನ್ನು ನೋಡಿ, ಗಂಡನ ಹಿಂದೆ ಹೋದಳು. ಅವಳು ಹೋಗಬೇಕಾದದ್ದೂ ಅಲ್ಲಿಗೇ. ಒಳಗಿಂದ ಅವಳ ಅತ್ತೆಯ ಧ್ವನಿ ಕೇಳಿಸಿತು, ನಿನ್ನ ಮಾವನೂ ಬರ್ತಾರೆ ಅಂತ ಅಡುಗೆ ಮಾಡಿದೀನಲ್ಲ, ಎಲ್ಲಿ ಅವರು, ಎಂದು.

"ಅವರು ಹೋದ್ರು ಅಮ್ಮ," ಅಂದ ಅಳಿಯ.

ಉಗುರಣ್ಣ ಅಂಗಳದಲ್ಲಿ ಮೂರು ಮಾರು ದೂರದಲ್ಲಿ ನಿಂತಿದ್ದ. ಆ ಹುಡುಗ ಸುಳ್ಳು ಆಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಅದು ಸುಳ್ಳಾಗದಿರಲಿ ಎಂದು ಚಪ್ಪಲಿ ಕೈಗೆತ್ತಿಕೊಂಡು, ಸದ್ದಾಗದ ಹಾಗೆ ಅಂಗಳ ದಾಟಿ, ಬಸ್‌ ನಿಲ್ದಾಣದ ಕಡೆ ನಡೆದ.